ನರೆಯೂ ಅರಿವೂ

ನರೆತ ತಲೆಯೆದುರು ಎದ್ದು ನಿಲ್ಲಬೇಕೆಂದು ಬೈಬಲ್ಲು ವಿಧಿಸುತ್ತದೆ. ಆದರೆ ನರೆತವರೆಲ್ಲ ಅರಿತವರಲ್ಲವೆಂಬುದನ್ನು ಕ್ರೈಸ್ತ ವಿರಕ್ತರೇ ಬಹು ಹಿಂದೆ ಮನಗಂಡಿದ್ದರು.

ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ನಿಂತ ಆ ವಿರಕ್ತರಲ್ಲಿ, ಕಿರಿಯನು ತನ್ನ ಮನದ ವಿಕಾರಗಳನ್ನು ಹಿರಿಯನೆದುರು ಮುಚ್ಚಿಡದೆ ಹೇಳಬೇಕೆಂಬುದು ಸಂಪ್ರದಾಯ. ಅವರೊಡನಿದ್ದು ಬಂದ ಜಾನ್ ಕ್ಯಾಸಿಯನ್ನನು 5ನೆಯ ಶತಮಾನದಲ್ಲಿ ಬರೆದಿಟ್ಟ ಪ್ರಸಂಗವೊಂದುಂಟು. ಕಾಮವಿಕಾರದಿಂದ ಬೆಂದ ತರುಣನೊಬ್ಬನು ವೃದ್ಧ ಸನ್ಯಾಸಿಯಲ್ಲಿ ಮೊರೆಯಿಟ್ಟನು. ನೀನು ಸನ್ಯಾಸಿಯೆಂಬ ಹೆಸರಿಗೇ ಅನರ್ಹನೆಂದು ವೃದ್ಧನು ಜರೆದನು. ತರುಣನು ಹತಾಶನಾಗಿ, ಮದುವೆಯಾಗಿ ಸಂಸಾರಿಯಾಗುವೆನೆಂದು ಊರ ಹಾದಿ ಹಿಡಿದನು. ದಾರಿಯಲ್ಲಿ ಎದುರಾದ ಅಪೊಲೋಸ್ ಎಂಬ ಹಿರಿಯನು ಅವನ ಬಾಡಿದ ಮುಖವನ್ನು ಕಂಡು ಕಾರಣ ಕೇಳಿದನು. ಈ ವಯಸ್ಸಿನಲ್ಲಿಯೂ ತನ್ನನ್ನು ಆ ವಿಕಾರವು ಬಿಟ್ಟಿಲ್ಲವೆಂದು ಸಂತೈಸಿ ಹಿಂದಿರುಗಿಸಿದನು. ಬಳಿಕ ವೃದ್ಧನ ಕುಟೀರದ ಬಳಿ ನಿಂತು, ತರುಣನ ಬೇಗೆಯು ಇವನಿಗೂ ತಟ್ಟಲೆಂದು ಪ್ರಾರ್ಥಿಸಿದನು. ವೃದ್ಧನು ಹುಚ್ಚನಂತೆ ಹೊರಬಿದ್ದು ಅದೇ ಹಾದಿಯಲ್ಲಿ ಓಡತೊಡಗಿದನಂತೆ! ಅಪೊಲೋಸನು ಅವನನ್ನು ತಡೆದು, ಸೈತಾನನು ಇದುವರೆಗೆ ನಿನ್ನನ್ನು ಅರಿಯದೆ ಹೋದನೋ, ಲೆಕ್ಕಕ್ಕೇ ಹಿಡಿಯಲಿಲ್ಲವೋ ಎಂದನು.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆ ಓಟವನ್ನು ನೆನೆದು ನಕ್ಕಿದ್ದೆವು. ಐವತ್ತು ದಾಟಿದ ಮೇಲೆ, ವಿದ್ಯಾರ್ಥಿಯೊಬ್ಬನು ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಾಗ, ಪೂರ್ತಿ ಕೇಳುವ ಮುನ್ನವೇ ಗದರಿದೆವು. ಮರುದಿನ ಬೆಳಗಿನ ಪ್ರಾರ್ಥನೆಗೆ ಅವನು ಬರಲಿಲ್ಲ. ಹಾಸಿಗೆ ಸುತ್ತಿಕೊಂಡು ಹೊರಟುಹೋಗಿದ್ದನು. ಅವನ ಹಾದಿಯಲ್ಲಿ ಅಪೊಲೋಸನಂಥವರು ಎದುರಾದರೋ ಇಲ್ಲವೋ, ನಮಗಿನ್ನೂ ತಿಳಿಯದು.