ಯಾರದೋ ಅರ್ಧ ಆಟ

ಶನಿವಾರ ಬಂತೆಂದರೆ ನನ್ನ ಕಾಲು ತಾನಾಗಿ ಇಲ್ಲಿನ, ಅಂದರೆ ಅಮೆರಿಕದ, ಬಳಸಿದ ಸಾಮಾನು ಮಾರುವ ಥ್ರಿಫ್ಟ್ ಅಂಗಡಿಯತ್ತ ತಿರುಗುತ್ತೆ. ಹಳೇ ವಿಡಿಯೋ ಗೇಮ್ ಹುಡುಕಾಟ. ಡಿವಿಡಿಗಳ ಸಾಲಲ್ಲಿ ಕೈಯಾಡಿಸಿದರೆ ಸಿಗೋದು ಬರೀ ‘ಮ್ಯಾಡನ್’! ವರ್ಷಕ್ಕೊಂದು ಬರುವ ಅಮೆರಿಕನ್ ಫುಟ್‌ಬಾಲ್ ಆಟ. ಹೊಸದು ಬಂದ ದಿನವೇ ಹಳೇದು ಹೋದ ವರ್ಷದ ಪಂಚಾಂಗ.

ಇವತ್ತು ಮಾತ್ರ ವೈರುಗಳ ಬುಟ್ಟಿಯ ತಳದಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ‘ಪೋಕೆಮಾನ್ ರೆಡ್’ ಆಟದ ಕಾರ್ಟ್ರಿಡ್ಜ್ ಸಿಕ್ತು. ಇಲ್ಲಿ ಬಿಡುಗಡೆಯಾಗಿದ್ದು 1998ರಲ್ಲಿ. ಆಡಿದ್ದನ್ನು ಉಳಿಸಿಡೋದು ಕಾರ್ಟ್ರಿಡ್ಜ್ ಒಳಗಿನ ಗುಂಡಿಯಷ್ಟು ಬ್ಯಾಟರಿ. ಅದು ಸತ್ತರೆ ಎಲ್ಲ ಅಳಿಸಿಹೋಗುತ್ತೆ. ಮನೆಗೆ ತಂದು ಹಾಕಿ ನೋಡಿದರೆ ಇದರದ್ದು ಇನ್ನೂ ಜೀವಂತ! ಯಾವುದೋ ಮಗು 61 ಗಂಟೆ ಆಡಿ ನಿಲ್ಲಿಸಿದ ಜಾಗ ಹಾಗೇ ಇದೆ. ಇದರಲ್ಲಿ ಉಳಿಯೋದು ಒಂದೇ ಆಟ. ನಾನು ಹೊಸದಾಗಿ ಶುರುಮಾಡಿ ಸೇವ್ ಮಾಡಿದರೆ ಆ ಮಗುವಿನದು ಮಾಯ. ಮೂರು ಡಾಲರ್ ಕೊಟ್ಟವನು ನಾನೇ, ಆದರೂ ಬೆರಳು ಏಳ್ತಿಲ್ಲ.