ನಾನು ಓದಿದ ಡ್ರೈವರು

'ಡ್ರೈವರು' ಎಂದೊಡನೆ ನಮ್ಮೂರಿನವರಿಗೆ ನೆನಪಾಗುವುದು ಸಂಜೆಯ ಬಸ್ಸು. ಗಣಕಯಂತ್ರದೊಳಗೂ ಡ್ರೈವರುಗಳುಂಟು, ಅವಕ್ಕೆ ಸಂಬಳವೂ ಇಲ್ಲ, ಖಾಕಿ ಅಂಗಿಯೂ ಇಲ್ಲ ಎಂದರೆ ನನ್ನ ತಂದೆಯವರು ನಕ್ಕುಬಿಡುತ್ತಾರೆ. ಆದರೂ ಆ ಹೆಸರು ಒಪ್ಪುವಂಥದೇ. ಯಂತ್ರಕ್ಕೆ ಜೋಡಿಸುವ ಪ್ರತಿಯೊಂದು ಉಪಕರಣವನ್ನೂ ನಡೆಸಲು ಒಂದು ಪ್ರೋಗ್ರಾಂ ಬೇಕು, ಅದೇ ಡ್ರೈವರು.

ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನನ್ನ ಅಜ್ಜಿ ಹಾಡಿದ ಸೋಬಾನೆ ಪದಗಳು ಒಂದು ಅಗ್ಗದ ಪೆನ್‌ಡ್ರೈವಿನಲ್ಲಿದ್ದವು. ಅಜ್ಜಿ ತೀರಿಕೊಂಡ ಮೇಲೆ ಅವಳ ದನಿ ಉಳಿದಿದ್ದುದು ಅದರಲ್ಲಿ ಮಾತ್ರ. ನನ್ನಲ್ಲಿದ್ದ ಹಳೆಯ ಗಣಕಯಂತ್ರಕ್ಕೆ ಅದನ್ನು ಸಿಕ್ಕಿಸಿದರೆ, ಸ್ವಲ್ಪ ಹೊತ್ತು ತಡವರಿಸಿ ಸುಮ್ಮನಾಗಿಬಿಡುತ್ತಿತ್ತು. ಅಂಗಡಿಯಾತ, "ಕೆಟ್ಟಿದೆ, ಬಿಸಾಕಿ, ಹೊಸದು ತಗೊಳ್ಳಿ" ಎಂದ. ಪೆನ್‌ಡ್ರೈವು ಹೊಸದು ಸಿಕ್ಕೀತು. ಅಜ್ಜಿಯ ಕಂಠ ಸಿಕ್ಕೀತೆ?

ನನ್ನ ಯಂತ್ರದಲ್ಲಿದ್ದುದು ಲಿನಕ್ಸ್. 1991ರಲ್ಲಿ ಅದನ್ನು ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 1992ರಿಂದ ಅದು ಜಿ.ಪಿ.ಎಲ್. ಎಂಬ ಪರವಾನಗಿಯ ಮೇಲೆ ಹಂಚಿಕೆಯಾಗುತ್ತಿದೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಹಂಚುವವನು ತನ್ನ ತಿದ್ದುಪಡಿಯ ಪಾಠವನ್ನೂ ಒದಗಿಸಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಯಾವ ಬಾಗಿಲ ಮುಂದೆ ನಿಂತರೂ 'ಒಳಗೆ ಬರಬಹುದೇ?' ಎಂದು ಹಿಂಜರಿಯುವುದು ನನ್ನ ಅಭ್ಯಾಸ. ಇಲ್ಲಿಯಾದರೋ ನಾನು ಕೇಳುವ ಮೊದಲೇ 'ಬಾ' ಎಂದು ಬರೆದಿಟ್ಟಿದ್ದರು.

ಸಿ ಭಾಷೆಯ ಪುಸ್ತಕವೊಂದನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ಯು.ಎಸ್.ಬಿ. ನಿಯಮಾವಳಿ ಮೊದಲು ಪ್ರಕಟವಾದದ್ದು 1996ರಲ್ಲಿ. ಅದರ ಪ್ರಕಾರ ಗಣಕಯಂತ್ರ ಕೇಳದೆ ಉಪಕರಣ ಬಾಯಿ ತೆರೆಯುವಂತಿಲ್ಲ. ಪೆನ್‌ಡ್ರೈವುಗಳ ಸಾಮಾನ್ಯ ಕ್ರಮದಲ್ಲಿ ಯಂತ್ರ 31 ಬೈಟುಗಳ ಅಪ್ಪಣೆಯೊಂದನ್ನು ಕಳಿಸುತ್ತದೆ. ಬೇಕಾದ ಮಾಹಿತಿ ಸಾಗಿದ ಮೇಲೆ ಉಪಕರಣ 13 ಬೈಟುಗಳ ವರದಿ ಒಪ್ಪಿಸುತ್ತದೆ. ಸಂಗ್ರಹವು ಸಾಮಾನ್ಯವಾಗಿ 512 ಬೈಟುಗಳ ಖಂಡಗಳಾಗಿ ವಿಂಗಡವಾಗಿರುತ್ತದೆ, ಎಣಿಕೆ ಸೊನ್ನೆಯಿಂದ. 'ನಿನ್ನ ಕೊನೆಯ ಖಂಡದ ಸಂಖ್ಯೆ ಎಷ್ಟು?' ಎಂದರೆ, 1000 ಖಂಡಗಳಿರುವ ಉಪಕರಣ 999 ಎನ್ನಬೇಕು. ಕೆಲವು 1000 ಎಂದುಬಿಡುತ್ತವೆ! ಯಂತ್ರ ಅದನ್ನು ನಂಬಿ ಇಲ್ಲದ ಖಂಡವನ್ನು ಓದಹೋದರೆ ಅಂತಹ ಉಪಕರಣ ಸ್ತಬ್ಧವಾಗುವುದುಂಟು. ಯಂತ್ರ ಬರೆದಿಟ್ಟ ದಿನಚರಿಯನ್ನು ನೋಡಿದೆ. ನನ್ನದು ಸೋತದ್ದೂ ಕೊನೆಯ ಖಂಡದಲ್ಲಿಯೇ.

ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ತಂದೆಯವರು 'ಲಾಭ, ಎರಡು, ಮೂರು' ಎಂದು ಎಣಿಸುತ್ತಾರೆ. ಮೊದಲನೆಯದನ್ನು 'ಒಂದು' ಎನ್ನುವುದಿಲ್ಲ. ಆ ಪದ್ಧತಿಯನ್ನರಿಯದವನು ಎರಡರಿಂದ ಲೆಕ್ಕ ಹಿಡಿದರೆ ಅವನ ಪುಸ್ತಕದಲ್ಲಿ ಒಂದು ಅಳತೆ ಕಡಮೆಯಾಗುತ್ತದೆ. ರಾಶಿಯಲ್ಲೇನೂ ದೋಷವಿಲ್ಲ, ದೋಷವಿರುವುದು ಎಣಿಕೆಯಲ್ಲಿ. ಅಜ್ಜಿಯ ಹಾಡುಗಳೂ ಹಾಗೆಯೇ ಕ್ಷೇಮವಾಗಿದ್ದಾವೆಂದು ನನಗೆ ಧೈರ್ಯ ಬಂತು.

ಆ ಡ್ರೈವರಿನಲ್ಲಿ ವಿಚಿತ್ರ ಸ್ವಭಾವದ ಉಪಕರಣಗಳಿಗೆಂದೇ ಒಂದು ಪಟ್ಟಿಯಿದೆ. ತಯಾರಕರ ಸಂಖ್ಯೆ, ಉಪಕರಣದ ಸಂಖ್ಯೆ, ಅದಕ್ಕೆ ಮಾಡಬೇಕಾದ ಉಪಚಾರ. ಹಲವೆಡೆ ತೊಂದರೆಯನ್ನು ತಿಳಿಸಿದವರ ಹೆಸರು ಸಹ. ನಾನೂ ನನ್ನ ಪೆನ್‌ಡ್ರೈವಿನ ಸಂಖ್ಯೆಗಳನ್ನು ಅಲ್ಲಿ ಸೇರಿಸಿ, 'ಇದು ಹೇಳಿದ್ದರಲ್ಲಿ ಒಂದನ್ನು ಕಳೆ' ಎಂಬ ಗುರುತು ಹಾಕಿ, ಡ್ರೈವರನ್ನು ಮತ್ತೆ ಕಂಪೈಲ್ ಮಾಡಿದೆ. ಹಾಡುಗಳು ಹನ್ನೊಂದೂ ದೊರೆತವು. ಮಗಳ ಲಗ್ನಕ್ಕೆ ಬೇಕೆಂದು ಚಿಕ್ಕಮ್ಮ ಪ್ರತಿ ಮಾಡಿಸಿಕೊಂಡು ಹೋದರು.

ಇದು ಮಹಾಸಾಧನೆಯೇನಲ್ಲ, ನಾನು ಸೇರಿಸಿದ್ದು ಕೆಲವೇ ಸಾಲು. ಆದರೆ ಮೂಲಪಾಠ ಮುಚ್ಚಿಟ್ಟಿದ್ದರೆ ಆ ಸಾಲುಗಳನ್ನು ಬರೆಯಲು ನನಗೆ ಜಾಗವೇ ಇರುತ್ತಿರಲಿಲ್ಲ. 'ಇದು ನಮ್ಮಂಥವರ ಓದಲ್ಲ' ಎಂದು ದೂರ ನಿಲ್ಲುವ ಕಲಾ ವಿಭಾಗದ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ತೆರೆದಿಟ್ಟ ಪುಸ್ತಕ ತಾನು ಯಾರಿಗೆಂದು ಕೇಳುವುದಿಲ್ಲ. ಓದಬಲ್ಲವರೆಲ್ಲರಿಗೂ ಅದು ಸೇರಿದ್ದು.