ಕಾಲು ಸುತ್ತು

ಮಝಲ್ ಬ್ರೇಕ್ ಎಂಬುದನ್ನು ನಮ್ಮ ಗೋಕಾಕದ ಕಡೆ ಕಂಡವರು ಕಡಿಮೆ. ರೈಫಲ್ಲಿನ ನಳಿಕೆಯ ತುದಿಗೆ ತಿರುಗಿಸಿ ಕೂರಿಸುವ ಬೆರಳುದ್ದದ ಉಕ್ಕಿನ ಕೊಳವೆ ಅದು, ಪಕ್ಕಕ್ಕೆ ಕಿಂಡಿಗಳಿರುತ್ತವೆ. ಗುಂಡು ನಡುವಿನ ತೂತಿನಿಂದ ನೆಟ್ಟಗೆ ಹೋಗುತ್ತದೆ. ಅದರ ಹಿಂದೆ ನುಗ್ಗುವ ಬಿಸಿ ಅನಿಲ ಕಿಂಡಿಯ ಗೋಡೆಗೆ ಬಡಿದು ಪಕ್ಕಕ್ಕೂ ಹಿಂದಕ್ಕೂ ತಿರುಗುತ್ತದೆ. ಹಾಗೆ ಬಡಿಯುವಾಗ ನಳಿಕೆಯನ್ನು ಮುಂದಕ್ಕೆ ತಳ್ಳುವುದರಿಂದ ಹೆಗಲಿಗೆ ಬೀಳುವ ಒದೆತ ಕಡಿಮೆಯಾಗುತ್ತದೆ. ದೊಡ್ಡ ತೋಪುಗಳಿಗೂ ಇದೇ ಉಪಾಯ.

2017ರ ಮಳೆಗಾಲದಲ್ಲಿ ಪೋಖ್ರಾನಿನಿಂದ ಒಂದು ಸುದ್ದಿ ಬಂತು. ಧನುಷ್ ತೋಪಿನ ಪರೀಕ್ಷೆಯಲ್ಲಿ ಶೆಲ್ ಹೊರಬೀಳುವಾಗ ಮಝಲ್ ಬ್ರೇಕಿಗೇ ತಾಗಿತ್ತು. ಹುಕ್ಕೇರಿಯಲ್ಲಿರುವ ನನ್ನ ಸೋದರಮಾವ ದಂಡಿನಲ್ಲಿ ತೋಪು ನಡೆಸಿ ಬಂದವನು. ಆ ಪೇಪರು ಮಡಚಿಕೊಂಡು ಗೋಕಾಕಕ್ಕೆ, ಅಪ್ಪನ ಲೇತ್ ಅಂಗಡಿಗೆ ಬಂದ.

"ಏಳು ಮೀಟರ್ ನಳಿಗಿ ನೆಟ್ಟಗ ದಾಟಿ ಬಂದದ್ದು, ತುದಿಗಿ ಬಂದು ಯಾಕ ತಾಗ್ತೈತ್ರಿ?"

"ತೋಪು ನನಗ ಗೊತ್ತಿಲ್ಲಪಾ. ಥ್ರೆಡ್ ಗೊತ್ತೈತಿ," ಎಂದ ಅಪ್ಪ.

ಅಪ್ಪನ ಅಂಗಡಿಗೆ ಬಂದೂಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರಿಪೇರಿಯನ್ನೂ ಮಾಡುವಂತಿಲ್ಲ. ಬರುವುದು ಮೂಡಲಗಿ ಕಡೆಯ ಕಬ್ಬಿನ ಗಾಣದ ಶಾಫ್ಟು, ಟ್ರ್ಯಾಕ್ಟರಿನ ಸಾಮಾನು. ಆದರೆ ತೊಂದರೆ ಒಂದೇ ಜಾತಿಯದು. ಅವತ್ತು ಅಪ್ಪ ಪೈಪಿನ ತುಂಡಿಗೆ ಥ್ರೆಡ್ ಹಾಕಿ, ಒಂದು ಕಪ್ಲಿಂಗ್ ತಿರುಗಿಸಿ, ಅದರ ನೆತ್ತಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಬಿಗಿಯಾಗಿ ನಿಂತಾಗ ಗೆರೆ ಪಕ್ಕಕ್ಕಿತ್ತು. ಥ್ರೆಡ್ ತನಗೆ ಬೇಕಾದಲ್ಲಿ ನಿಲ್ಲುತ್ತದೆ, ನಮಗೆ ಬೇಕಾದಲ್ಲಿ ಅಲ್ಲ. ಬ್ರೇಕ್ ಹಾಗೆ ನಿಂತರೆ ಕಿಂಡಿಗಳು ಓರೆಯಾಗಿ, ಅನಿಲ ನಳಿಕೆಯನ್ನು ಒಂದು ಮಗ್ಗುಲಿಗೆ ದಬ್ಬುತ್ತದೆ.

ಒಂದು ಮಿಲಿಮೀಟರ್ ಪಿಚ್ಚಿನ ಥ್ರೆಡ್ ಆದರೆ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಒಳಕ್ಕೆ. ಇನ್ನೂ ಕಾಲು ಸುತ್ತು ತಿರುಗಬೇಕೆಂದರೆ ಹಿಂದಿನ ಮುಖದಿಂದ 0.25 ಮಿಲಿಮೀಟರ್ ತೆಗೆಯಬೇಕು, ಕೊನೆಯ ಬಿಗಿತಕ್ಕೆಂದು ಒಂದು ಕೂದಲಷ್ಟು ಉಳಿಸಿಕೊಂಡು. ತೆಳು ವಾಷರ್ ಹಾಕಿ ಹೊಂದಿಸುವುದೂ ಉಂಟು. ಅಮುಕಿದಾಗ ಚಪ್ಪಟೆಯಾಗುವ ವಾಷರ್ ಸಿಗುತ್ತದೆ, ಕೆಲಸ ಬೇಗ. ಆದರೆ ಅದು ಒಂದು ಕಡೆ ಹೆಚ್ಚು ಅಮುಕಿದರೆ ಬ್ರೇಕ್ ವಾಲುತ್ತದೆ. ಅಪ್ಪನಿಗೆ ಅದು ಕೇಳಿಯೇ ಸೇರಲಿಲ್ಲ. ಅರಗೋಲಿನಿಂದ ಕೈಯಲ್ಲಿ ಉಜ್ಜುವುದಂತೂ ಬೇಡವೇ ಬೇಡ ಎಂದ. ಮುಖ ಥ್ರೆಡ್ಡಿಗೆ ಕಾಟಕೋನದಲ್ಲಿರಬೇಕು, ಅದಕ್ಕೆ ಥ್ರೆಡ್ಡನ್ನೇ ಹಿಡಿದು ಲೇತಿನಲ್ಲಿ ಕಡಿಯಬೇಕು.

ವಾಲಿದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಆಗ ಡಿಪ್ಲೊಮಾ ಓದುತ್ತಿದ್ದೆ, ಲೆಕ್ಕ ತೋರಿಸುವ ಚಪಲ. 60 ಮಿಲಿಮೀಟರ್ ಉದ್ದದ ಬ್ರೇಕ್ ಅರ್ಧ ಡಿಗ್ರಿ ವಾಲಿದರೂ ತುದಿಯಲ್ಲಿ ಅರ್ಧ ಮಿಲಿಮೀಟರ್ ಸರಿಯುತ್ತದೆ. ರೈಫಲ್ಲಿನ ಬ್ರೇಕಿನಲ್ಲಿ ಗುಂಡಿನ ಸುತ್ತ ಇರುವ ಸಂದು ಎಷ್ಟೋ ಸಲ ಅದರ ಅರ್ಧದಷ್ಟೇ. ಗುಂಡು ಗೋಡೆಗೆ ತಾಗಿಯೇ ತಾಗುತ್ತದೆ.

"ಹೊರಗಿನ ಗುಂಡಗ ನೋಡಿ ಹಿಡೀಬ್ಯಾಡ, ಒಳಗಿನ ತೂತು ನೋಡು," ಎಂದ ಅಪ್ಪ. ನಳಿಕೆ ಹೊರಗೆ ಎಷ್ಟೇ ದುಂಡಗೆ ಕಂಡರೂ ತೂತು ನಟ್ಟನಡುವೆ ಇರುತ್ತದೆಂದು ನಂಬುವಂತಿಲ್ಲ. ಥ್ರೆಡ್ ಕಡಿಯುವ ಮೊದಲು ಡಯಲ್ ಗೇಜಿನ ಮುಳ್ಳನ್ನು ತೂತಿನೊಳಗೇ ಇಟ್ಟು, ಸೂಜಿ ಅಲ್ಲಾಡದಂತೆ ಚಕ್ಕಿನಲ್ಲಿ ಹಿಡಿಯಬೇಕು. ಈ ಕೆಲಸಕ್ಕೇ ಅರ್ಧ ದಿನ ಹೋಗುತ್ತದೆ, ಕಡಿಯುವುದು ಹತ್ತು ನಿಮಿಷ.

ಮಾಮಾ ಎಲ್ಲ ಕೇಳಿದ. ಕೇಳಿದ ಎಂದರೆ, ಬಲಗಿವಿ ಮುಂದೆ ಮಾಡಿ ಕೇಳಿದ. ಅವನ ಎಡಗಿವಿ ಹೋಗಿ ವರ್ಷಗಳಾಗಿವೆ. ಹುಕ್ಕೇರಿ ಬಸ್ಸಿನಲ್ಲಿ ಯಾವತ್ತೂ ಎಡಬದಿಯ ಕಿಡಕಿ ಹಿಡಿಯುತ್ತಾನೆ, ಮಾತಾಡುವವರು ಬಲಕ್ಕೆ ಬರಲಿ ಎಂದು. ಬ್ರೇಕ್ ಮುಂದೆ ಹೋಗುವ ಅನಿಲವನ್ನು ಪಕ್ಕಕ್ಕೆ, ಹಿಂದಕ್ಕೆ ಎಸೆಯುತ್ತದೆ ಎಂದೆನಲ್ಲ, ಅದರ ಜೊತೆ ಸದ್ದೂ ಬರುತ್ತದೆ. ಬ್ರೇಕ್ ಇಲ್ಲದ ರೈಫಲ್ಲಿನ ಸದ್ದೇ 140 ಡೆಸಿಬೆಲ್ ದಾಟುತ್ತದೆ. ಹೆಗಲಿಗೆ ಉಳಿದದ್ದು ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುತ್ತದೆ.

"ಹಂಗಾದ್ರ ಬ್ರೇಕ್ ಇಲ್ಲದ ತೋಪು ಚಲೋ ಏನ್ ಮಾಮಾ?" ಎಂದು ಕೇಳಿದೆ.

"ಹುಚ್ಚದಿ ಏನ? ಅದಿಲ್ಲಂದ್ರ ಒದ್ದ ಒದಿಗಿ ತೋಪೇ ಹಿಂದ ಜಿಗೀತೈತಿ."

2019ರ ಏಪ್ರಿಲ್ 8ರಂದು ಜಬಲ್ಪುರದಲ್ಲಿ ಮೊದಲ ಆರು ಧನುಷ್ ತೋಪುಗಳನ್ನು ಸೇನೆಗೆ ಒಪ್ಪಿಸಿದರು. ನಾನೇ ಕರದಂಟಿನ ಡಬ್ಬಿಯ ಜೊತೆ ಪೇಪರು ಒಯ್ದು ಮಾಮಾನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರಾ ಓದಿದ. ಮಡಚಿಟ್ಟು ಬಲಗಿವಿ ನನ್ನ ಕಡೆ ತಿರುಗಿಸಿದ.

"ಅದರ ಬಾಜೂಕ ನಿಂದ್ರೋ ಹುಡುಗರು ಕಿವಿಗಿ ಏನ್ ಹಾಕ್ಕೋತಾರಂತ ಬರದಿಲ್ಲಲ್ಲೋ?"